ಎರಡನೇ ಸೋಮವಾರದ ರಕ್ತ

ಯಾರೋ ಮೂರು ಬಾರಿ ಕದ ಬಡಿದರು. ರಾತ್ರಿ ಎಂಟೂವರೆ. ಗಂಗಾಂಬಿಕಾ ಚಿಲಕ ಸರಿಸಿದಾಗ ಹೊಸಪೇಟೆಯ ನರ್ಸ್ ಪಂಪಾವತಿ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಐಸ್ ಪೆಟ್ಟಿಗೆ, ಮುಖದಲ್ಲಿ ನಗುವಿಲ್ಲ.

“ತೋಳು ಕೊಡ್ರಿ ಅಕ್ಕಾರ. ಇನ್ನೊಮ್ಮೆ ರಕ್ತ ಬೇಕು.”

ಕಾರಣ ಹೇಳಿದ್ದು ಕೊಳವೆ ತುಂಬಿದ ಮೇಲೆ. ಆರೋಗ್ಯವಂತ ಹೆಂಗಸರ ರಕ್ತವನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ಅಧ್ಯಯನಕ್ಕೆ ಕಂಪ್ಲಿಯ ರೈಸ್‌ಮಿಲ್ ಗುಮಾಸ್ತನ ಹೆಂಡತಿ ಗಂಗಾಂಬಿಕಾ ಹೆಸರು ಕೊಟ್ಟು ಮೂರು ವರ್ಷವಾಗಿತ್ತು. ಅಲ್ಲಿ ಹುಡುಕುತ್ತಿದ್ದುದು, ದೇಹ ತನ್ನ ಮೇಲೆಯೇ ತಿರುಗಿಬೀಳುವಂಥ ಪ್ರತಿಕಾಯಗಳನ್ನು. ಅವು ಆರೋಗ್ಯವಂತರಲ್ಲೂ ಇರುವುದುಂಟು. ಆದರೆ ಒಬ್ಬೊಬ್ಬರಲ್ಲಿ ಅವುಗಳ ಮಟ್ಟ ವರ್ಷಗಟ್ಟಲೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಗಂಗಾಂಬಿಕಾಳಲ್ಲಿ ಎರಡು ವರ್ಷ ಏನೂ ಇರಲಿಲ್ಲ. ಈ ವರ್ಷ ವಿಪರೀತ.

“ಈ ನಮೂನಿದು ಒಮ್ಮೊಮ್ಮೆ ಹೊಟ್ಯಾಗಿನ ಕೂಸಿನ ಎದಿಬಡಿತ ಕೆಡಸ್ತದ್ರಿ.”

ಐದು ತಿಂಗಳ ಹೊಟ್ಟೆಯ ಮೇಲೆ ಗಂಗಾಂಬಿಕಾಳ ಕೈ ತಾನಾಗಿ ಹೋಯಿತು. ಬೆಳಗಿನಿಂದ ಕೂಸು ಮಿಸುಕಿತ್ತೇ? ನೆನಪಾಗಲಿಲ್ಲ. ನೀರು ತಂದಿದ್ದ ನೆಗೆಣ್ಣಿ ಹಂಪಕ್ಕ, ಎರಡು ಬಸಿರು ಕಳೆದುಕೊಂಡಿದ್ದ ಹಿರಿಸೊಸೆ, ಲೋಟ ಕೆಳಗಿಟ್ಟು ಒಳಗೆ ಸರಿದಳು.

ಬಸುರಿಯಾದಾಗಿನಿಂದ ಆಸ್ಪತ್ರೆಯಲ್ಲಿ ಎಷ್ಟೋ ಸಲ ರಕ್ತ ತೆಗೆದಿದ್ದರು. ಈ ವರದಿಯೂ ಅಂಥ ಒಂದು ರಕ್ತದ್ದೇ ಎಂದುಕೊಂಡು ಗಂಗಾಂಬಿಕಾ ಪಂಪಾವತಿ ಕೊಟ್ಟ ಹಾಳೆ ಹಿಡಿದಳು. ರಕ್ತ ತೆಗೆದ ದಿನಾಂಕ ಕಂಡಿತು. ಶ್ರಾವಣದ ಎರಡನೇ ಸೋಮವಾರ.

“ಅವತ್ತು ನಾ ಸೂಜಿ ಚುಚ್ಚಿಸ್ಕೊಂಡೇ ಇಲ್ಲ. ಶ್ರಾವಣ ಸೋಮವಾರದ ಉಪಾಸದಾಗ ನಮ್ಮನ್ಯಾಗ ರಕ್ತ ತಗಸಂಗಿಲ್ಲ.”

ಪಂಪಾವತಿ ಬೆಚ್ಚಿದಳು. ಆ ದಿನ ಅಧ್ಯಯನದ ಶಿಬಿರದಲ್ಲಿ ರಕ್ತ ತೆಗೆದವರು ಹೊಸಬರು. ಮುಖ ಗುರುತಿಲ್ಲದೆ, ಅಧ್ಯಯನದ ಕಾರ್ಡ್ ನೋಡಿ ಕೊಳವೆಗೆ ಹೆಸರು ಅಂಟಿಸಿದ್ದರು. ಒಂದು ವರ್ಷ ರಕ್ತ ಕೊಡುವುದು ತಪ್ಪಿದರೆ ಅಧ್ಯಯನದಿಂದ ಹೆಸರೂ ಹೋಗುತ್ತಿತ್ತು, ಹೆರಿಗೆವರೆಗಿನ ಪುಕ್ಕಟೆ ತಪಾಸಣೆಯೂ ಹೋಗುತ್ತಿತ್ತು.

“ಹಂಗಾರ ಕಾರ್ಡ್ ಒಯ್ದಾಕಿ ಯಾರು?” ಎಂದಳು ಪಂಪಾವತಿ.

ಮನೆಯ ವ್ರತದ ಕಟ್ಟುನಿಟ್ಟೆಲ್ಲ ಅತ್ತೆ ಪಂಪಮ್ಮನದು. ಮೂಲೆಯಲ್ಲಿ ಕೂತಿದ್ದ ಅವಳ ಮೇಲೆ ಇಬ್ಬರ ಕಣ್ಣೂ ಬಿತ್ತು.

“ನನ್ನ ಮಾರಿ ಏನ್ ನೋಡ್ತೀರಿ? ಅರವತ್ತೈದರ ಮುದುಕಿನ್ನ ಬಸುರಿ ಅಂತ ಬರಕೊಳ್ಳಾಕ ಅವರಿಗೆ ಕಣ್ಣಿಲ್ಲೇನು?”

ಕೂಸು ಉಳಿಯಿತೆಂಬ ನಿರಾಳದ ಬೆನ್ನಿಗೇ ಗಂಗಾಂಬಿಕಾಳಿಗೆ ಇನ್ನೊಂದು ಹೊಳೆಯಿತು. ಹಾಗಾದರೆ ಆ ರಕ್ತ ಈ ಮನೆಯ ಇನ್ನೊಬ್ಬಳ ಮೈಯಲ್ಲಿ ಹರಿಯುತ್ತಿದೆ. ಇಂದು ನಿನ್ನೆಯಿಂದಲ್ಲ, ಬಹುಶಃ ಎಷ್ಟೋ ವರ್ಷಗಳಿಂದ.

ಅಡುಗೆಮನೆಯ ಕಡೆಯಿಂದ ಬಳೆ ಸದ್ದಾಯಿತು.

“ನಿನ್ನ ಕೂಸಿಗಾದ್ರೂ ತಪಾಸಣಿ ತಪ್ಪಬಾರ್ದು ಅಂತ ನಿನ್ನ ಕಾರ್ಡ್ ಒಯ್ದು ನಾನೇ ರಕ್ತ ಕೊಟ್ಟೆ, ತಂಗಿ... ಸಿಸ್ಟರ್, ನನ್ನ ಎರಡು ಕೂಸೂ ಅದಕ್ಕ ಹೋದ್ವೇನ್ರಿ?”

ಬಾಗಿಲಲ್ಲಿ ಎಡತೋಳು ಚಾಚಿ ನಿಂತಿದ್ದವಳು ಹಂಪಕ್ಕ.