ಆಂಪ್ ಬಿಸಿಯಾಗುವಷ್ಟು ಹೊತ್ತು

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದವನನ್ನು ಸ್ನೇಹಿತರೆಲ್ಲ ತಂತಿ ಎಂದೇ ಕರೆಯುತ್ತಿದ್ದರು. ಗಿಟಾರಿನ ಹುಚ್ಚು ಅವನಿಗೆ ಅಷ್ಟಿತ್ತು. ಹಳೆಯ ಕಾಲದ, ಒಳಗಿನ ಗಾಜಿನ ವಾಲ್ವುಗಳು ಬಿಸಿಯಾದಮೇಲೆ ದನಿ ಕೊಡುವ ಗಿಟಾರ್ ಆಂಪ್ಲಿಫೈಯರ್ ಒಂದನ್ನು ಕೊಳ್ಳಬೇಕೆಂದು ಹತ್ತು ವರ್ಷದಿಂದ ಹುಡುಕುತ್ತಿದ್ದ. ಒಂದು ದಿನ ಜಾಹೀರಾತು ಕಣ್ಣಿಗೆ ಬಿತ್ತು: 'ಹಳೆಯ ಗಿಟಾರ್ ಆಂಪ್ ಮಾರಾಟಕ್ಕಿದೆ. ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ.' ಕೇಳಿದ ಬೆಲೆ ಎಷ್ಟು ಕಮ್ಮಿಯಿತ್ತೆಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಭಾನುವಾರ ಬೆಳಗ್ಗೆ ಹೆಂಡತಿಯ ತಮ್ಮನ ಜೊತೆ ಅವನ ವ್ಯಾನು ಹತ್ತಿ ಹೊರಟ.

ಮೂರನೇ ಮಹಡಿ. ಬಾಗಿಲು ತೆಗೆದವಳು ದರ್ಜಿ. ಅಳತೆಯ ಟೇಪು ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

"ಅಪ್ಪಂದು. ಡ್ಯಾನ್ಸ್ ಹಾಲಲ್ಲಿ ಇಪ್ಪತ್ತೈದು ವರ್ಷ ನುಡಿಸಿದ್ರು. ಸ್ಟ್ರೋಕ್ ಆದ್ಮೇಲೆ ಬಲಗೈ ಏಳಲ್ಲ. ಆಸ್ಪತ್ರೆ ಮಂಚ ತರಿಸ್ತಿದೀನಿ, ಇದೂ ಇದ್ರೆ ಜಾಗ ಸಾಲಲ್ಲ."

ತಂತಿ ಮಂಡಿಯೂರಿ ಆಂಪಿನ ಹಿಂಬದಿಗೆ ಟಾರ್ಚ್ ಬಿಟ್ಟ. ವಾಲ್ವುಗಳ ಮೇಲೆ ಧೂಳಿನ ಕಣವಿಲ್ಲ. ವೈರುಗಳ ಬೆಸುಗೆ ಹೊಸದು. ಯಾರೋ ಮಗುವಿನಂತೆ ನೋಡಿಕೊಂಡ ಪೆಟ್ಟಿಗೆ. ಇದು ನುಡಿಯದೇ ಇರಲು ಸಾಧ್ಯವೇ ಇಲ್ಲವೆಂದು ಅವನಿಗೆ ಗೊತ್ತಾಗಿಹೋಯಿತು. ಆದರೂ ಮುಖ ಸಪ್ಪಗೆ ಇಟ್ಟುಕೊಂಡ.

"ಗಿಟಾರ್ ತಂದಿದ್ದೀರಲ್ಲ," ಅವಳು ಅವನ ಹೆಗಲ ಚೀಲ ನೋಡಿದಳು. "ಒಂದೇ ಒಂದು ಹಾಡು ನುಡಿಸ್ತೀರಾ? ಅಪ್ಪ ಕೇಳಲಿ. ಬೆಳಗ್ಗೆಯಿಂದ ಕಾಯ್ತಿದಾರೆ."

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಶೇವ್ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ದಿಂಬಿಗೊರಗಿದ್ದ ಮುದುಕ ಅವನನ್ನೇ ನೋಡುತ್ತಿದ್ದ.

ಇದು ನುಡಿದುಬಿಟ್ಟರೆ? ಇವಳು ಬೆಲೆ ಏರಿಸುತ್ತಾಳೆ, ಇಲ್ಲವೇ ಮಾರುವ ಮನಸ್ಸನ್ನೇ ಬಿಡುತ್ತಾಳೆ. ತಂತಿಯ ನಾಲಿಗೆ ತಾನಾಗಿಯೇ ಹೊರಳಿತು.

"ಹಳೇ ವಾಲ್ವ್ ಮೇಡಂ, ಬಿಸಿಯಾಗೋಕೇ ಅರ್ಧ ಗಂಟೆ ಬೇಕು. ನಮಗೆ ಬೇರೆ ಕಡೆ ಹೋಗೋದಿದೆ."

"ಹೌದಾ," ಎಂದಳು. ಮತ್ತೆ ಕೇಳಲಿಲ್ಲ. ಹಣ ಕೊಟ್ಟು, ಭಾಮೈದನ ಜೊತೆ ಪೆಟ್ಟಿಗೆ ಎತ್ತಿ, ಮುದುಕನ ಕಡೆ ತಿರುಗದೆ ತಂತಿ ಇಳಿದುಹೋದ.

ಮನೆಗೆ ಬಂದು ಸ್ವಿಚ್ ಹಾಕಿದ. ವಾಲ್ವುಗಳೊಳಗೆ ಕೆಂಡದ ಬಣ್ಣ ಮೂಡಿತು. ಒಂದು ನಿಮಿಷವೂ ಆಗಿರಲಿಲ್ಲ, ಗಿಟಾರ್ ಮೀಟಿದರೆ ತುಂಬುಗಂಟಲಿನ ದನಿ ಎದ್ದು ಕಿಟಕಿಯ ಗಾಜು ಅದುರಿತು. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು. ಭಾಮೈದ ಹುಬ್ಬೇರಿಸಿದ.

"ಭಾವ, ಅರ್ಧ ಗಂಟೆ ಬೇಕು ಅಂದ್ರಲ್ಲ ಅಲ್ಲಿ?"

ತಂತಿ ದನಿಯ ಗುಂಡಿ ತಿರುಗಿಸಿ ಸದ್ದು ತಗ್ಗಿಸಿದ. ತಮ್ಮನಿಂದ ವಿಷಯ ತಿಳಿದ ಹೆಂಡತಿ, "ಇವತ್ತೇ ಹೋಗಿ ನುಡಿಸಿ ಬನ್ನಿ. ನಿಮ್ಮ ಗಂಟೇನು ಹೋಗುತ್ತೆ?" ಎಂದಳು. ಹೋಗುತ್ತೇನೆ ಎಂದ. ಒಂದು ಭಾನುವಾರ ಕಾರ್ಯಕ್ರಮವಿತ್ತು, ಇನ್ನೊಂದು ಭಾನುವಾರ ಬೆನ್ನುನೋವು, ಆಮೇಲಾಮೇಲೆ ನೆಪವೂ ಬೇಕಾಗಲಿಲ್ಲ. ಆದರೆ ನುಡಿಸಲು ಕೂತಾಗಲೆಲ್ಲ ಆ ಇಸ್ತ್ರಿ ಶರ್ಟು ಕಣ್ಣಿಗೆ ಕಟ್ಟುತ್ತಿತ್ತು. ಏಳನೆಯ ಭಾನುವಾರ ಗಿಟಾರ್ ಹೆಗಲಿಗೇರಿಸಿ, ಏದುಸಿರು ಬಿಡುತ್ತ ಆಂಪ್ ಹೊತ್ತು ಮೂರು ಮಹಡಿ ಹತ್ತಿದ.

"ಅಪ್ಪ ಹೋಗಿ ಹದಿನೆಂಟು ದಿನ ಆಯ್ತು," ಎಂದಳು ದರ್ಜಿ.

ತಂತಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ. ಅವಳೇ ಮಾತಾಡಿದಳು.

"ಅವತ್ತು ನೀವು ಹೋದ್ಮೇಲೆ, ಯಾಕೆ ನುಡಿಸ್ಲಿಲ್ಲ ಅಂತ ಸನ್ನೆ ಮಾಡಿ ಕೇಳಿದ್ರು. ಬಿಸಿಯಾಗೋಕೆ ಅರ್ಧ ಗಂಟೆ ಬೇಕಂತೆ ಅಂದೆ. ನಕ್ಕುಬಿಟ್ರು. ಸ್ಟ್ರೋಕ್ ಆದ್ಮೇಲೆ ನಕ್ಕಿದ್ದು ಅದೇ ಮೊದಲು. ತೊದಲ್ತಾ 'ಕಳ್ಳ' ಅಂದ್ರು. ಯಾರಪ್ಪಾ ಅಂತ ಕೇಳಿದ್ರೆ ಹೇಳ್ಲೇ ಇಲ್ಲ, ಗೋಡೆ ಕಡೆ ತಿರುಗಿ ಮಲಗಿದ್ರು." ಅವನ ಮುಖ ನೋಡಿದಳು. "ನಿಮಗೇನಾದ್ರೂ ಗೊತ್ತಾ?"

ಗೊತ್ತಿಲ್ಲ ಎಂದುಬಿಡಬಹುದಿತ್ತು.

"ನಾನೇ," ಎಂದ ತಂತಿ. "ಅರ್ಧ ಗಂಟೆ ಏನೂ ಬೇಡ, ಒಂದು ನಿಮಿಷ ಸಾಕಿತ್ತು. ನೀವು ಬೆಲೆ ಏರಿಸ್ತೀರೇನೋ ಅಂತ ಹೆದರಿಕೊಂಡೆ. ಇದನ್ನ ನೀವೇ ಇಟ್ಕೊಳ್ಳಿ, ದುಡ್ಡು ಬೇಡ."

ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದ. ಅವಳು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು.

"ಬೆಲೆ ಹೇಳಿದ್ದು ನಾನಲ್ಲ. ಅಪ್ಪ. ಕಮ್ಮಿ ಇರಲಿ, ನುಡಿಸೋರ ಕೈಗೆ ಎಟುಕಲಿ ಅಂತ. ಏರಿಸೋ ಮಾತೇ ಇರ್ಲಿಲ್ಲ."

"ಈಗ ನುಡಿಸ್ಲಾ?"

"ಬೇಡ. ತಗೊಂಡು ಹೋಗಿ."

ಅವನು ಪೆಟ್ಟಿಗೆ ಎತ್ತಿಕೊಂಡ. ಎರಡೂ ಕೈ ತುಂಬಿದ್ದರಿಂದ ಬಾಗಿಲನ್ನು ಅವಳೇ ತೆಗೆಯಬೇಕಾಯಿತು.

"ಮೆಟ್ಟಿಲು ನೋಡ್ಕೊಂಡು ಇಳೀರಿ," ಎಂದು ಹೇಳಿ ಬಾಗಿಲು ಹಾಕಿಕೊಂಡಳು.