ಗುಡುಸಾಬ ರುಚಿ ನೋಡಿದ ದಿನ

ತಾನು ಮಾಡಿದ ಸಿಹಿಯನ್ನು ಗುಡುಸಾಬ ಎಂದೂ ನಾಲಿಗೆಗೆ ಹಚ್ಚಿದವನಲ್ಲ. ಮೂವತ್ತೆಂಟು ವರ್ಷ ಗೋಕಾಕದಲ್ಲಿ ಕರದಂಟು ಮಾಡಿದವನು, ಕಣಗಲಾ ಊರಿನ ಲಗ್ನಕ್ಕೂ ಮೇಲವಂಕಿಯ ಬಾಣಂತಿಗೂ ಒಂದೇ ಶ್ರದ್ಧೆಯಿಂದ ತಿನ್ನುವ ಅಂಟು ಕರಿದುಕೊಟ್ಟವನು, ಕುದಿಯುವ ಬೆಲ್ಲದ ಕಡಾಯಿಯ ಬಾಜೂ ಹಿತ್ತಾಳೆಯ ನೀರಿನ ಬಟ್ಟಲಿಟ್ಟುಕೊಂಡು, ಮೂರು ಬೆರಳು ಅದರಲ್ಲಿ ಅದ್ದಿ, ಆ ಒದ್ದೆ ಬೆರಳಿನಿಂದಲೇ ಪಾಕವನ್ನು ಚಿವುಟಿ, ನೀರಿಗೆ ಬಿಟ್ಟು, ಉಂಡೆಗಟ್ಟಿ, ಬಟ್ಟಲಿನ ಅಂಚಿಗೆ ಬಡಿದು ಅದರ ಸಪ್ಪಳ ಕೇಳುತ್ತಿದ್ದ. ಪರೀಕ್ಷೆ ಅಲ್ಲಿಗೆ ಮುಗಿಯಿತು. ಒಂದು ಚೂರು ತಿಂದು ನೋಡಬಾರದೇ ಎಂದು ನಾನೊಮ್ಮೆ ಕೆಣಕಿದಾಗ ಅವನು ಹೇಳಿದ್ದು ಇಷ್ಟೇ: "ನಾಲಿಗಿ ಮುಲಾಜು ಮಾಡತೈತಿ ಸಾವಕಾರ್ರ, ಬೆರಳು ಮಾಡಂಗಿಲ್ಲ."

ನನ್ನದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಿರಾಣಿ ಅಂಗಡಿ. ಕರದಂಟಿನವರಿಗೂ ಬೇಕರಿಯವರಿಗೂ ಬೇಕಾದ ಸರಕು ಒದಗಿಸುವುದು ನನ್ನ ಉದ್ಯೋಗ. ಗುಡುಸಾಬ ಬೇಸಿಗೆ, ಚಳಿ ಎನ್ನದೆ ತೊಡುತ್ತಿದ್ದ ಕಂದು ಬಣ್ಣದ ಅರ್ಧಕೋಟು ದಶಕಗಳ ಬೆಲ್ಲದ ಹಬೆ ಕುಡಿದು ಎಷ್ಟು ಸಿಹಿಯಾಗಿತ್ತೆಂದರೆ, ಅವನು ಕುಳಿತೆದ್ದ ಸ್ಟೂಲಿಗೆ ಇರುವೆ ಸಾಲುಗಟ್ಟುತ್ತಿದ್ದವು. ಕೋಟನ್ನು ಹೊರಗಿನ ಮೊಳೆಗೆ ತೂಗುಹಾಕಿಯೇ ಒಳಗೆ ಬರಬೇಕೆಂದು ನಾನೇ ಕಾಯಿದೆ ಮಾಡಿದ್ದೆ. ಬಲಗೈಯನ್ನು ಮೈಯಿಂದ ಒಂದು ಗೇಣು ದೂರ ಹಿಡಿದು, ಬೀದಿಯನ್ನೇ ಸಟ್ಟುಗದಿಂದ ತಿರುವುತ್ತಿರುವವನಂತೆ ನಡೆಯುತ್ತಿದ್ದ.

ಮಾತು ಕಡಿಮೆ, ಇದ್ದದ್ದರಲ್ಲಿ ಅರ್ಧವೂ "ಪಾಕ ಬರ್ಲಿ" ಎಂಬುದೊಂದೇ. ಮಗಳ ಲಗ್ನ ಯಾವಾಗ ಎಂದರೆ ಪಾಕ ಬರ್ಲಿ, ಮನೆಗೆ ಸುಣ್ಣ ಯಾವಾಗ ಎಂದರೆ ಪಾಕ ಬರ್ಲಿ. ಅವಸರದವರೇ ತುಂಬಿದ ಪೇಟೆಯಲ್ಲಿ ಇದನ್ನೊಂದು ಸದ್ಗುಣವೆಂದೇ ನಾವೆಲ್ಲ ಬಗೆದಿದ್ದೆವು. ಆದರೆ ಅವನ ಹೆಂಡತಿ ಹಮೀದಾಬಿ, ಕೆನ್ನೆಯೊಳಗೆ ಅಡಕೆ ತಂಬಾಕು ಇಟ್ಟುಕೊಳ್ಳುವ ಹಳೆಯ ರೂಢಿಯವಳು, ಖಾರ ತಾಗಿದರೆ ಬಾಯಿ ಉರಿಯುತ್ತದೆ, ಮೊದಲಿನಷ್ಟು ತೆರೆಯಲು ಬರುವುದಿಲ್ಲ ಎಂದು ಹೇಳಿದ ದಿನವೂ ಅವನು ಅಂದದ್ದು ಅದನ್ನೇ. ಹಾಗೆಯೇ ಒಂದೂವರೆ ವರ್ಷ ಕಳೆಯಿತು. ಮೂರು ಬೆರಳು ಹಿಡಿಸುತ್ತಿದ್ದ ಬಾಯಿ ಒಂದು ಬೆರಳಿಗೆ ಇಳಿದಾಗ ಬೆಳಗಾವಿಗೆ ಕರೆದೊಯ್ದ. ಕ್ಯಾನ್ಸರಿನ ಹುಣ್ಣು ನಾಲಿಗೆಗೂ ಹಬ್ಬಿದೆ, ಸೋಮವಾರ ಭರ್ತಿಯಾಗಿ, ನಾಲಿಗೆ ತೆಗೆಯಬೇಕು ಎಂದರು ಡಾಕ್ಟರು. ಅಷ್ಟರಲ್ಲಿ ಆಕೆ ಯಾರೆದುರೂ ಉಣ್ಣುವುದನ್ನೇ ಬಿಟ್ಟಿದ್ದಳು. ಗಂಡನ ಕರದಂಟು ಕಡಿಯುವುದಂತೂ ದೂರ, ಗೋಡೆಗೆ ಮುಖ ಮಾಡಿ, ಸೆರಗಿನ ಮರೆಯಲ್ಲಿ ಗಂಜಿ ಕುಡಿಯುತ್ತಿದ್ದಳು.

ಇದೊಂದೂ ನನಗೆ ಗೊತ್ತಿರಲಿಲ್ಲ. ಆ ಗುರುವಾರ ಅವನು ಬಂದು ಅಂಟಿನ ಬದಲು ಚಾಕೊಲೇಟು ಕೇಳಿದ. ತಮ್ಮನ ಮಗಳು ಗುಲ್ನಾಜ ಮೊಬೈಲಿನಲ್ಲಿ ಒಂದು ತಿನಿಸು ತೋರಿಸಿದ್ದಳಂತೆ: ಕರಗಿಸಿದ ಚಾಕೊಲೇಟಿನ ಬಟ್ಟಲು, ಕೆಳಗೊಂದು ಮೇಣದಬತ್ತಿ, ಗಂಡಹೆಂಡತಿ ಎದುರುಬದುರು ಕುಳಿತು ಹಣ್ಣಿನ ಹೋಳನ್ನು ಕಡ್ಡಿಗೆ ಚುಚ್ಚಿ, ಅದ್ದಿ, ಒಬ್ಬರಿಗೊಬ್ಬರು ತಿನ್ನಿಸುವುದು. ವರ್ಷಕ್ಕೊಮ್ಮೆ ಲಗ್ನದ ದಿನ ಬಂದಾಗ ಮಾಡುತ್ತಾರಂತೆ. ಅಗಿಯುವ ತ್ರಾಸವಿಲ್ಲ.

"ಅದಕ್ಕ ಫಂಡೂ ಅಂತಾರ್ರಿ," ಅಂದ.

"ಯಾವ ಫಂಡರೀ? ಚಂದಾ ಪಟ್ಟಿ ಎತ್ತಾಕ ಬಂದೀರೇನು?" ಎಂದೆ ನಾನು. ಅಷ್ಟಕ್ಕೇ ಬಿಡದೆ ಇನ್ನೊಂದು ಸೇರಿಸಿದೆ: "ಈ ವಯಸ್ಸಿನ್ಯಾಗ ಹೊಸಾ ಲಗ್ನ ಮಾಡ್ಕೊಂಡೀರಿ ಅನಸ್ತೈತಿ."

"ಹಳೇದ ಐತ್ರಿ. ತಾರೀಖ ನೆನಪಿಲ್ಲ. ಸೋಮವಾರ ಆಕಿ ನಾಲಿಗಿ ತಗೀತಾರ. ಅದಕ ನಾಳಿ ಶುಕ್ರವಾರನ ಲಗ್ನದ ದಿನಾ ಅಂತ ನಾನ ಗೊತ್ತ ಮಾಡೇನಿ."

ನಾನು ಚಾಕೊಲೇಟಿನ ಕಪಾಟಿನತ್ತ ತಿರುಗಿದೆ. ಎಲ್ಲಕ್ಕಿಂತ ತುಟ್ಟಿಯದು ಕೊಡಿರೆಂದ. ತುಟ್ಟಿಯದನ್ನೇ ಸುತ್ತಿ ಕೊಟ್ಟೆ. ಅದು ಬೇಕರಿಯವರು ಸಕ್ಕರೆ ಬೇರೆಯಾಗಿ ಬೆರೆಸಿಕೊಂಡು ಬಳಸುವ, ಸಿಹಿಯೆಂಬುದೇ ಇಲ್ಲದ ಕರಿ ಚಾಕೊಲೇಟು. ಆ ಮಾತು ಹೇಳಲಿಲ್ಲ. ಮಿಠಾಯಿಯವನಿಗೆ ಸಿಹಿ ಕಲಿಸುವುದೇನೆಂದು ಸುಮ್ಮನಾದೆ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಮರೆತೆ ಎಂಬುದೇ ಖರೆ.

ಶುಕ್ರವಾರ ಮಧ್ಯಾಹ್ನ, ನಮಾಜು ಬಿಟ್ಟ ಮೇಲೆ ಅವನ ಫೋನು ಬಂತು. ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಚಾಕೊಲೇಟನ್ನು ರೇಷ್ಮೆಯಂತೆ ಕರಗಿಸಿದ್ದನಂತೆ. ಆಮೇಲೆ ಕೈ ತನ್ನ ಚಾಳಿ ಬಿಡದೆ, ನೀರಲ್ಲಿ ಅದ್ದಿದ ಬೆರಳಿನಿಂದ ಮೂರು ಸಲ ಪಾಕ ನೋಡಿತ್ತು. ಕರಗಿದ ಚಾಕೊಲೇಟಿಗೆ ನೀರಿನ ಹನಿ ಬಿದ್ದರೆ ಅದು ಹೊಲದ ಹೆಂಟೆಯಂತೆ ಗಟ್ಟಿಯಾಗುತ್ತದೆ. "ಕೆಟ್ಟಿತ್ರಿ ಸಾವಕಾರ್ರ," ಅಂದ. ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವನ ಬೆನ್ನ ಹಿಂದೆ ಹಮೀದಾಬಿ ನಗುತ್ತಿದ್ದಳು. ಮನೆಯಲ್ಲಿ ಉರ್ದು ನಡೆದರೂ ಮೇಲವಂಕಿಯ ಮಗಳಾದ ಆಕೆಗೆ ಚೇಷ್ಟೆಗೆ ಕನ್ನಡವೇ ಬೇಕು, ತೆರೆಯದ ಹಲ್ಲುಗಳ ಸಂದಿಯಿಂದ ಅಂದದ್ದು ನನಗೂ ಕೇಳಿಸಿತು: "ಮಂದಿ ಬಾಯಿಗಿ ಬರೋಬ್ಬರಿ ಆಗತಿತ್ತು. ನನ್ನ ಬಾಯಿಗಿ ಬಂದ ಕೂಡ್ಲೆ ಹೆಂಟಿ ಆತ ನೋಡ್ರಿ."

ಬಿಸಿ ಹಾಲನ್ನು ಧಾರಾಳವಾಗಿ ಸುರಿದು ತಿರುವಲು ಹೇಳಿದೆ. ಹನಿಗೆ ಕೆಟ್ಟದ್ದು ಬಟ್ಟಲುಗಟ್ಟಲೆ ಸುರಿದರೆ ಸುಧಾರಿಸುತ್ತದೆಂದು ಬೇಕರಿಯವರಿಂದ ಕೇಳಿ ಬಲ್ಲೆ. ಸುಧಾರಿಸಿತು.

ಉಳಿದದ್ದನ್ನು ಅವನು ಎಷ್ಟೋ ತಿಂಗಳ ಮೇಲೆ, ನನ್ನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ಹೇಳಿದ. ಬಾಳೆಹಣ್ಣನ್ನು ಅರ್ಧ ಬೆರಳಿನ ದಪ್ಪಕ್ಕೆ ಸೀಳಿ, ತಾನೇ ಹೆರೆದ ಬಿದಿರಿನ ಕಡ್ಡಿಗೆ ಚುಚ್ಚಿ, ಅದ್ದಿ ಅದ್ದಿ ಕೊಟ್ಟನಂತೆ. ಆಕೆ ಗೋಡೆಯ ಕಡೆಗಿದ್ದ ಮುಖವನ್ನು ಇತ್ತ ತಿರುಗಿಸಿ, ಸೆರಗು ಸರಿಸಿ, ಅವನೆದುರಿಗೇ ತಿಂದಳಂತೆ. ಸಿಹಿ ಹೇಗಿದೆ ಎಂದು ಕೇಳಿದ್ದಕ್ಕೆ ಬರೋಬ್ಬರಿ ಐತಿ ಅಂದಳಂತೆ. ಲಗ್ನವಾದಾಗಿನಿಂದ ಒಂದೇ ಬಟ್ಟಲಲ್ಲಿ ಕೈಯಿಟ್ಟವರಲ್ಲ ಅವರು. ಇವತ್ತಾದರೂ ಆಗಲೆಂದು ಅವನು ತನಗಾಗಿ ಒಂದು ಹೋಳು ಅದ್ದಿದಾಗ ಆಕೆ ಕೈ ಹಿಡಿದಳು.

"ನೀವ್ ತಿನಬ್ಯಾಡ್ರಿ. ಇಷ್ಟ ವರ್ಷ ಹಿಡದ ಹಟಾ ನನ್ನ ಸಲುವಾಗಿ ಮುರೀಬ್ಯಾಡ್ರಿ. ಎಲ್ಲಾ ನಂದ."

ಬಟ್ಟಲನ್ನು ತನ್ನತ್ತ ಎಳೆದುಕೊಂಡು, ಉರಿಯುವ ಬಾಯಿಯಲ್ಲಿ, ತಳ ಕಾಣುವವರೆಗೆ ತಿಂದು ಮಲಗಿದಳು. ಅವನು ಬಟ್ಟಲು ತೊಳೆಯಲು ಹೋದವನು, ಏನನ್ನಿಸಿತೋ, ಅಂಚಿಗೆ ಮೆತ್ತಿದ್ದನ್ನು ಬೆರಳಿನಿಂದ ಬಳಿದು ನಾಲಿಗೆಗೆ ಇಟ್ಟ. ಬೇವಿನಂಥ ಕಹಿ.

ಸೋಮವಾರ ನಾಲಿಗೆ ಹೋಯಿತು. ಮೂಗಿನ ನಳಿಕೆಯ ಹಾಲಿನ ಮೇಲೆ ನಾಲ್ಕು ತಿಂಗಳು ಉಳಿದು ಹಮೀದಾಬಿಯೂ ಹೋದಳು. ಹೌದು, ಅಲ್ಲ ಎಂದು ತಲೆಯಾಡಿಸುವಷ್ಟು ಶಕ್ತಿ ಆಕೆಗೆ ಕೊನೆಯವರೆಗೂ ಇತ್ತು. ಆ ಕಹಿಯ ಬಗ್ಗೆ ಪ್ರಶ್ನೆ ಕೇಳುವ ಶಕ್ತಿ ಅವನಿಗಿರಲಿಲ್ಲ.

"ರುಚಿ ಮೊದಲ ಹೋಗಿತ್ತೋ, ಕಹಿ ಗೊತ್ತಾಗಿ ನನ್ನ ಸಲುವಾಗಿ ತಿಂದಳೋ? ನಿಮಗೇನ ಅನಸ್ತೈತ್ರಿ?" ಎಂದು ಆ ದಿನ ನನ್ನನ್ನು ಕೇಳಿದ.

ತಪ್ಪು ನನ್ನದೆಂದು, ಸಕ್ಕರೆಯ ಮಾತು ಹೇಳಲು ಮರೆತವನು ನಾನೆಂದು ಒಪ್ಪಿಕೊಂಡೆ.

"ಒಂದ ದಿನದ್ದ ನಿಮ್ಮ ತಪ್ಪ," ಅಂದ. "ಒಂದೂವರಿ ವರ್ಷದ್ದ ನಂದು."

ಕಸಬಿನಲ್ಲಿ ಎಂದೂ ಎಡವದವರೆಂದು ನಾವು ಹೊಗಳುವ ಮಂದಿಯನ್ನು ಈ ಪೇಟೆಯಲ್ಲಿ ಬಹಳ ನೋಡಿದ್ದೇನೆ. ಅಂಥವರ ಮನೆಯಲ್ಲಿ, ಅವರು ಎಡವಿದ್ದು ಅವರಿಗೇ ತಿಳಿಯದಂತೆ ಕಾಯುವವರು ಒಬ್ಬರು ಇದ್ದೇ ಇರುತ್ತಾರೆ; ಸಪ್ಪೆಯಾದದ್ದನ್ನು ಹೊಗಳಿ ಉಣ್ಣುತ್ತಾರೆ, ತಡವಾದದ್ದನ್ನು ಸಕಾಲವೆನ್ನುತ್ತಾರೆ, ತಮ್ಮ ನೋವನ್ನು ಗಂಡನ ಪುರುಸೊತ್ತಿಗೆ ಹೊಂದಿಸಿಕೊಳ್ಳುತ್ತಾರೆ. ಆ ಒಬ್ಬರು ಎದ್ದುಹೋದ ದಿನವೇ ಈ ನಿಪುಣರು ತಮ್ಮ ಬಾಳಿನಲ್ಲಿ ಮೊದಲ ಸಲ ತಪ್ಪು ಮಾಡುವ ಮನುಷ್ಯರಾಗುತ್ತಾರೆ, ಅದೂ ಎಲ್ಲ ತಪ್ಪುಗಳನ್ನು ಒಟ್ಟಿಗೇ. ಆಮೇಲೆ ಅವರು ಮಾಡಿದ ಸರಕು ಗಟ್ಟಿಯಾಯಿತೆಂದೋ ಮೆತ್ತಗಾಯಿತೆಂದೋ ಗಿರಾಕಿಗಳು ತಕರಾರು ತೆಗೆಯುತ್ತಾರೆ, ವಯಸ್ಸಾಯಿತು, ಕೈ ಕೆಟ್ಟಿತು ಅನ್ನುತ್ತಾರೆ. ಹೂಂ ಎಂದು, ಖರೆ ಕಾರಣ ಹೇಳದೆ, ನಾನೂ ಅವರಿಗೆ ಕಿರಾಣಿಯ ಪುಡಿಕೆ ಕಟ್ಟಿ ಕೊಡುತ್ತೇನೆ.