ಜಮಖಾನದ ಎರಡು ಅಂಚು

ಕುದಿಯುವ ಬಣ್ಣದ ವಾಸನೆ ನನಗೆ ಇನ್ನೂ ನೆನಪಿದೆ. ಹಂಡೆಯಲ್ಲಿ ನೂಲು ಕೆಂಪಾಗುತ್ತಿತ್ತು, ಪಕ್ಕದ ಒಲೆಯ ಮೇಲೆ ಜೋಳದ ರೊಟ್ಟಿ ಬೇಯುತ್ತಿತ್ತು. ಎರಡೂ ವಾಸನೆ ಬೆರೆತು ನನ್ನ ಎಳೆಗಳಿಗೆ ಅಂಟಿಕೊಂಡವು.

ನಾನು ಒಂದು ಜಮಖಾನ, ನವಲಗುಂದದ್ದು. ಹಾಜರಾಬಿ ಮತ್ತು ಅವರ ಸೊಸೆ ಮಗ್ಗದ ಮುಂದೆ ಪಕ್ಕಪಕ್ಕ ಕುಳಿತು ನನ್ನನ್ನು ನೇಯ್ದರು. ಅತ್ತೆ ಎಡ ಅಂಚಿನಿಂದ, ಸೊಸೆ ಬಲ ಅಂಚಿನಿಂದ. ಸೊಸೆಗೆ ಜ್ವರ ಬಂದ ದಿನ ಅತ್ತೆ ಮಗ್ಗ ಮುಟ್ಟಲಿಲ್ಲ.

"ಒಬ್ಬಾಕಿನ ಕುಂತು ನೇದ್ರ ಒಂದ್ ಕಡೆ ಜಗ್ಗತೈತಿ," ಎಂದರು.

ಧಾರವಾಡದ ವಿಶಾಲಾಕ್ಷಿಯ ಮದುವೆಗೆಂದು ಅವಳ ತಂದೆ ನನ್ನನ್ನು ಕೊಂಡರು. ಮೊದಲ ವರ್ಷಗಳು ಸುಖದವು. ನನ್ನ ಮೇಲೆ ಬೀಗರು ಕುಳಿತರು, ಚುರುಮುರಿ ಚೆಲ್ಲಿತು. ಅವಳ ಗಂಡ ಚನ್ನವೀರಪ್ಪ ಚಿತ್ರಕಲೆಯ ಮಾಸ್ತರು. ಒಮ್ಮೆ ನನ್ನ ಮೇಲೆ ನೀಲಿ ಬಣ್ಣ ಚೆಲ್ಲಿ, ಹೆಂಡತಿಗೆ ಕಾಣಬಾರದೆಂದು ಅದರ ಮೇಲೆಯೇ ಕುಳಿತುಬಿಟ್ಟರು. ಆ ಕಲೆ ಈಗಲೂ ಇದೆ.

ನಾಲ್ಕು ವರ್ಷಗಳ ಹಿಂದೆ ಮಾಸ್ತರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮನೆಯಲ್ಲಿ ಇಬ್ಬರೇ. ನನ್ನನ್ನು ಅವರ ಮೈಕೆಳಗೆ ಹಾಸಿದರು. ನನ್ನ ಅಂಚು ಹಿಡಿದು ಎಳೆದರೆ ಅವರು ಮಗ್ಗುಲಾಗುತ್ತಿದ್ದರು. ಎರಡು ತಾಸಿಗೊಮ್ಮೆ ವಿಶಾಲಾಕ್ಷಿ ಎಳೆಯುತ್ತಿದ್ದಳು. ಒಂದೇ ಅಂಚು, ಒಬ್ಬಳೇ. ಅವರಿಗೆ ಉಣಿಸಿದ ಮೇಲೆ ಒಲೆಯ ಹತ್ತಿರ ನಿಂತುಕೊಂಡೇ ತಾನು ಎರಡು ತುತ್ತು ತಿನ್ನುತ್ತಿದ್ದಳು. ಅವಳು ಕುಳಿತು ಉಂಡದ್ದನ್ನು ನಾನು ಕಾಣೆ.

ಅವಳ ಸೊಂಟ ನೋಯತೊಡಗಿತು. ಡಾಕ್ಟರು ಯೋಗ ಮಾಡಿರಿ ಎಂದರು. ಓಣಿಯ ವಾಚನಾಲಯದ ಮಾಳಿಗೆಯಲ್ಲಿ ನೀಲಾ ಟೀಚರ್ ಬೆಳಿಗ್ಗೆ ಯೋಗ ಕಲಿಸುತ್ತಿದ್ದರು. ವಿಶಾಲಾಕ್ಷಿಯ ಹತ್ತಿರ ಬೇರೆ ಚಾಪೆ ಇರಲಿಲ್ಲ. ಮಾಸ್ತರನ್ನು ಒರೆಸಿ, ಮಗ್ಗುಲಾಗಿಸಿ, ನನ್ನನ್ನು ಕೆಳಗಿನಿಂದ ಎಳೆದುಕೊಂಡು ಹೋದಳು.

ನಾಲ್ಕನೆಯ ದಿನ ಶವಾಸನದಲ್ಲಿ ಟೀಚರ್, "ಮೈ ಭಾರ ಎಲ್ಲಾ ನೆಲಕ್ಕ ಬಿಡ್ರಿ," ಎಂದರು. ಅವಳು ಬಿಟ್ಟಳು. ನಾಲ್ಕು ವರ್ಷಗಳ ಭಾರ ನನ್ನ ಮೇಲೆ ಇಳಿಯಿತು. ನಿದ್ದೆ ಹತ್ತಿತು. ಉಳಿದವರು ಅವಳನ್ನು ಎಬ್ಬಿಸದೆ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಇಳಿದರು. ಟೀಚರ್ ಕಿಟಕಿ ಮುಚ್ಚಿ ಅಲ್ಲೇ ಕುಳಿತರು.

ಎದ್ದಾಗ ಬಿಸಿಲೇರಿತ್ತು.

"ಏನ್ರೀ ವಿಶಾಲಕ್ಕಾ, ನಿಮ್ಮ ಗೊರಕಿ ನಮ್ಮ ಓಂಕಾರಕ್ಕಿಂತ ಜೋರಿತ್ತಲ್ರೀ!" ಎಂದು ಟೀಚರ್ ನಕ್ಕರು.

ಅವಳು ನಗಲಿಲ್ಲ. ನನ್ನನ್ನು ಸುತ್ತಿಕೊಂಡು ಮನೆಗೆ ಓಡಿದಳು. ಮಾಸ್ತರು ಒದ್ದೆ ಹಾಸಿಗೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮರುದಿನ ಅವಳು ಯೋಗಕ್ಕೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ.

ಟೀಚರ್ ಬಾಗಿಲಿಗೆ ಬಂದರು. "ನಿಮ್ಮ ಸೊಂಟ ಹೋದ್ರ ಮಾಸ್ತರನ್ನ ಯಾರ್ರೀ ಹೊರಳಸೋರು? ನಾ ಬಂದು ಒಂದ್ ಕೈ ಹಚ್ಚಲೇನು?"

"ಬ್ಯಾಡ್ರಿ ಟೀಚರ್ರ. ಅವರಿಗೆ ಇನ್ನೊಬ್ರ ಮುಂದ ನಾಚಿಕಿ ಆಗತೈತಿ. ನಾ ಒಬ್ಬಾಕಿನ ನೋಡ್ಕೋತೇನಿ."

ಹದಿನೈದು ದಿನ ನೋಡಿಕೊಂಡಳು. ಒಂದು ಮುಂಜಾನೆ ನನ್ನ ಅಂಚು ಹಿಡಿದು ಎಳೆದವಳು "ಅಯ್ಯೋ" ಎಂದು ಕೆಳಗೆ ಕುಸಿದಳು. ಏಳಲಾಗಲಿಲ್ಲ. ಮಾಸ್ತರಿಗೆ ಕೂಗಲಾಗಲಿಲ್ಲ. ಅವರು ಎಡಗೈಯಿಂದ ಸ್ಟೀಲ್ ಲೋಟ ಹಿಡಿದು ಕಿಟಕಿಯ ಸರಳಿಗೆ ಬಡಿದರು. ಬಡಿಯುತ್ತಲೇ ಇದ್ದರು. ಯೋಗ ಮುಗಿಸಿ ಮನೆಗೆ ಹೋಗುತ್ತಿದ್ದ ಟೀಚರ್ ಆ ಸದ್ದು ಕೇಳಿ ಒಳಗೆ ಬಂದರು.

ಅಂದು ಟೀಚರ್ ಒಂದು ಅಂಚು, ಅವರು ಕರೆತಂದ ಹೆಂಗಸೊಬ್ಬಳು ಇನ್ನೊಂದು ಅಂಚು ಹಿಡಿದರು. ಮಗ್ಗ ಬಿಟ್ಟ ಮೇಲೆ ಮೊದಲ ಸಲ ನನ್ನ ಎರಡೂ ಕಡೆ ಸಮವಾಗಿ ಬಿಗಿಯಿತು. ಮಾಸ್ತರು ಕಣ್ಣು ಮುಚ್ಚಿಕೊಂಡರು, ಆದರೆ ಎಡಗೈ ಅಡ್ಡ ತರಲಿಲ್ಲ.

ಡಾಕ್ಟರು ವಿಶಾಲಾಕ್ಷಿಗೆ ಮೂರು ವಾರ ಮಲಗಿರಲು ಹೇಳಿದರು. ನನ್ನನ್ನು ಅವಳಿಗಾಗಿ ಮಂಚದ ಪಕ್ಕ ನೆಲಕ್ಕೆ ಹಾಸಿದರು. ದಿನಾ ಆ ಇಬ್ಬರೂ ಬರುತ್ತಾರೆ. ಮಾಸ್ತರನ್ನು ಹೊರಳಿಸಿ, ಟೀಚರ್ ಅವಳ ಬಳಿ ಕುಳಿತು, "ಆಸನ ಗೀಸನ ಏನೂ ಬ್ಯಾಡ್ರಿ, ಬರೇ ಉಸಿರು ಬಿಡ್ರಿ," ಎನ್ನುತ್ತಾರೆ.

ನನಗೂ ವಯಸ್ಸಾಯಿತು. ನಡುವೆ ಸವೆದಿದ್ದೇನೆ. ಬಹಳ ಎಳೆದ ಅಂಚು ಬಿಚ್ಚಿಕೊಂಡಿದೆ, ಇನ್ನೊಂದು ಹೊಸದರಂತಿದೆ. ಹಾಜರಾಬಿಯ ಮಾತನ್ನು ನಾನು ಹೇಗಾದರೂ ಈ ಮನೆಗೆ ಹೇಳುವಂತಿದ್ದಿದ್ದರೆ ಎಂದು ಅನಿಸುತ್ತದೆ.

ಇಂದು ಟೀಚರ್ ರೊಟ್ಟಿ, ಕಡಲೆಹಿಟ್ಟಿನ ಝುಣಕ ತಂದು ರೂಢಿಯಂತೆ ಮೊದಲು ಮಾಸ್ತರ ಎದೆಯ ಹತ್ತಿರ ತಟ್ಟೆ ಇಟ್ಟು, ನೀರು ತರಲು ಒಳಗೆ ಹೋದರು. ಮಾಸ್ತರು ಎಡಗೈಯಿಂದ ತಟ್ಟೆ ಹಿಡಿದರು. ಅದು ವಾಲಿತು, ಝುಣಕದ ಒಂದು ತುಣುಕು ನೀಲಿ ಕಲೆಯ ಮೇಲೆ ಬಿತ್ತು. ಮಂಚದ ಅಂಚಿನಿಂದ ಅವರು ತಟ್ಟೆಯನ್ನು ಮೆಲ್ಲಗೆ ಹೆಂಡತಿಯ ಕಡೆಗೆ ಇಳಿಸಿದರು.

ವಿಶಾಲಾಕ್ಷಿ ನನ್ನ ಮೇಲೆ ಎದ್ದು ಕುಳಿತು, ಎರಡೂ ಕೈ ಚಾಚಿ ತಟ್ಟೆ ತೆಗೆದುಕೊಂಡಳು.